ವಶೀಲಿ ರಾಯರ ಲೈಸೆನ್ಸು

ಬೆಂಗಳೂರಿನಲ್ಲಿ ಬಡಾವಣೆಗೊಬ್ಬರಾದರೂ ವಶೀಲಿ ರಾಯರು ಇದ್ದೇ ಇರುತ್ತಾರೆ. ಗ್ಯಾಸ್ ಸಿಲಿಂಡರಿನಿಂದ ತಿರುಪತಿ ದರ್ಶನದವರೆಗೆ ಯಾವುದನ್ನೂ ಸರತಿಯಲ್ಲಿ ನಿಂತು ಪಡೆದವರಲ್ಲ. ಏನೇ ಬರಲಿ, "ನಮ್ಮವರೊಬ್ರು ಇದಾರೆ ಬಿಡಿ." ಈ 'ನಮ್ಮವರು' ಸಾಮಾನ್ಯವಾಗಿ ಷಡ್ಡಕನ ಬೀಗರ ಮನೆಯ ಬಾಡಿಗೆದಾರರಾಗಿರುತ್ತಾರೆ.

ನಮ್ಮ ಬೀದಿಯ ರಾಯರ ಹೆಲ್ಮೆಟ್ಟು ಸದಾ ಸ್ಕೂಟರಿನ ಕನ್ನಡಿಗೆ ನೇತಾಡುತ್ತಿತ್ತು. ತಲೆಗೆ ಹಾಕಿದರೆ ಜನ ಗುರುತು ಹಿಡಿಯೋಲ್ಲ ಎಂಬುದು ಸಮಜಾಯಿಷಿ. ಒಂದು ದಿನ ಸಿಗ್ನಲ್ಲಿನ ಪೊಲೀಸರು ಆ ಬರಿದಲೆಯನ್ನು ನೋಡಿಯೂ ಗುರುತು ಹಿಡಿಯಲಿಲ್ಲ. ಲೈಸೆನ್ಸು ಕಿತ್ತುಕೊಂಡು ಆರ್‌ಟಿಒಗೆ ಕಳಿಸಿಬಿಟ್ಟರು.

ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿಯಂತೆ, 194ಡಿ ಕಲಮಿನಲ್ಲಿ ಇದಕ್ಕೆ ದಂಡದ ಜೊತೆ 3 ತಿಂಗಳ ಅನರ್ಹತೆಯೂ ಉಂಟು. ಹಾಗಂತ ಕಾಯ್ದೆ ಕಟುಕನೇನಲ್ಲ. ಮೊದಲು ನಿಮ್ಮ ಅಹವಾಲು ಹೇಳಿ ಎನ್ನುತ್ತದೆ. ಆದೇಶ ಒಪ್ಪದಿದ್ದರೆ 30 ದಿನದೊಳಗೆ ಮೇಲ್ಮನವಿ ಹಾಕಿ ಎನ್ನುತ್ತದೆ. ಅವಧಿ ಕಳೆದು, ಪುನಶ್ಚೇತನ ತರಬೇತಿ ಮುಗಿಸಿದರೆ ಲೈಸೆನ್ಸು ವಾಪಸ್ಸು. ಇದರಲ್ಲೆಲ್ಲೂ ವಶೀಲಿಗೆ ಜಾಗವೇ ಇಟ್ಟಿಲ್ಲ ಎಂಬುದು ರಾಯರ ತಕರಾರು.

ವಿಚಾರಣೆಯ ನೋಟಿಸು ಬಂತು. "ನಾನು ಹೋಗಿ ನಿಲ್ಲೋದೇ? ಫೋನು ಹೋಗತ್ತೆ." ಫೋನು ಹೋಯಿತೋ ಇಲ್ಲವೋ, ರಾಯರಂತೂ ಹೋಗಲಿಲ್ಲ. ಲೈಸೆನ್ಸು ಅಮಾನತಾಯಿತು. ಮೇಲ್ಮನವಿಯ ಗಡುವು ಮುಗಿಯುವಾಗ ಮೊದಲನೆಯ 'ನಮ್ಮವರು' ಕಾಶಿಯಲ್ಲಿದ್ದರು. ಎರಡನೆಯವರಿಗೆ ಒಂದು ಬುಟ್ಟಿ ರಸಪುರಿ ಮಾವು ಹೋಯಿತು. ಅವರು ಹಣ್ಣು ತಿಂದು, ತಮಗೆ ಗೊತ್ತಿರುವುದು ಸಾರಿಗೆ ಇಲಾಖೆಯಲ್ಲ, ಮೀನುಗಾರಿಕೆ ಇಲಾಖೆ ಎಂದರು. ಮೂರನೆಯವರ ಮನೆಗೆ ಮೈಸೂರು ಪಾಕು. ಇಷ್ಟನ್ನೂ ಸಾಗಿಸಿದ್ದು ಆಟೋದಲ್ಲಿ; ಮೀಟರು ತೋರಿಸಿದ ಮೊತ್ತ ದಂಡವನ್ನು ಯಾವತ್ತೋ ದಾಟಿತ್ತು.

ತರಬೇತಿಗೆ ಮಾತ್ರ ಬದಲಿ ಆಳು ಕಳಿಸಲಾಗಲಿಲ್ಲ. ಡೆಲಿವರಿ ಹುಡುಗರ ನಡುವೆ ಕೂತ ರಾಯರು, ಪಾಠ ಹೇಳುವವರ ಊರು ಯಾವುದು, ಯಾರ ಪೈಕಿ ಎಂದು ವಿಚಾರಿಸಿದರು. ಅವರು ಉತ್ತರಿಸದೆ ಹೆಲ್ಮೆಟ್ಟಿನ ಪಟ್ಟಿ ಬಿಗಿಯುವುದು ಹೇಗೆಂದು ರಾಯರ ತಲೆಯ ಮೇಲೆಯೇ ಮಾಡಿ ತೋರಿಸಿದರಂತೆ.

ಕಡೆಗೆ ಲೈಸೆನ್ಸು ಕೈಗೆ ಬಂತು. ರಾಯರು ಮನೆಮನೆಗೂ ತಂದು ತೋರಿಸಿದರು.

"ನೋಡಿ, ನಮ್ಮವರು ಕೈ ಬಿಡಲಿಲ್ಲ. ಬೇರೆಯವರಾಗಿದ್ರೆ ಮೂರು ತಿಂಗಳು ಕಾಯ್ಬೇಕಿತ್ತು!"