ಉತ್ಸವಮೂರ್ತಿ

ನಿಜವಾದ ಹೆಸರು ಏನೇ ಇರಲಿ, ಗೆಳೆಯರ ಬಾಯಲ್ಲಿ ಅವರು ಉತ್ಸವಮೂರ್ತಿ. ಮೇಲುಕೋಟೆಯಲ್ಲಿ ಮೂಲದೇವರು ಗರ್ಭಗುಡಿ ಬಿಟ್ಟು ಕದಲುವುದಿಲ್ಲ. ವೈರಮುಡಿ ಧರಿಸಿ ಬೀದಿಗೆ ಬರುವವನು ಚೆಲುವಪಿಳ್ಳೆ. ಹೆಚ್ಚುಕಡಿಮೆ ಅದೇ ಹಂಗಾಮಿನಲ್ಲಿ ಬೆಂಗಳೂರು ಅಂತಾರಾಷ್ಟ್ರೀಯ ಚಿತ್ರೋತ್ಸವ ಶುರುವಾಗುತ್ತದೆ, ನಮ್ಮ ಮೂರ್ತಿಯವರೂ ಹೊರಡುತ್ತಾರೆ. ಕಿರೀಟದ ಬದಲು ಕೊರಳಲ್ಲಿ ಪ್ರತಿನಿಧಿ ಪಾಸು. ಮೈಮೇಲೆ ಖಾದಿ ಜುಬ್ಬಾ, ಬಗಲಲ್ಲಿ ಬಟ್ಟೆಚೀಲ, ಚೀಲದಲ್ಲಿ ಹೆಂಡತಿ ಕಟ್ಟಿಕೊಟ್ಟ ಚಿತ್ರಾನ್ನದ ಡಬ್ಬಿ, ಜೊತೆಗೆ ಮೂರು ಬಣ್ಣದ ಶಾಯಿಯಲ್ಲಿ ಗುರುತು ಹಾಕಿದ ವೇಳಾಪಟ್ಟಿ. ಕೆಂಪು ಎಂದರೆ ನೋಡಲೇಬೇಕು. ನೀಲಿ ಎಂದರೆ ನೋಡಬಹುದು. ಹಸಿರು ಎಂದರೆ ಅದು ಎಲ್ಲರಿಗೂ ಇಷ್ಟವಾಗುವ ಚಿತ್ರ. ಆ ಹೊತ್ತಿನಲ್ಲಿ ಹೊರಗೆ ಮೆಟ್ಟಿಲ ಮೇಲೆ ಕೂತು ಚಿತ್ರಾನ್ನ ತಿನ್ನಬೇಕು.

ಉತ್ಸವ ಹಲವು ವರ್ಷ ರಾಜಾಜಿನಗರದ ಒರಾಯನ್ ಮಾಲ್‌ನಲ್ಲಿ ನಡೆಯಿತು. ಬರಗಾಲದ ಹಳ್ಳಿಯ ಕಥೆ ನೋಡಿ ಕಣ್ಣೊರೆಸಿಕೊಂಡು ಹೊರಬಂದವರ ಎದುರಿಗೇ ಪಾಪ್‌ಕಾರ್ನ್ ದರದ ಫಲಕ. ಮೂರ್ತಿಯವರಿಗೆ ಎರಡನೆಯದೇ ಹೆಚ್ಚು ಗಾಬರಿ ಹುಟ್ಟಿಸಿದ್ದು ಎಂದು ಜೊತೆಯಲ್ಲಿದ್ದವರು ಹೇಳುತ್ತಾರೆ.

ಅವರ ಕಾಲಗಣನೆಯೇ ಬೇರೆ. ಕ್ರಿಸ್ತಪೂರ್ವ, ಕ್ರಿಸ್ತಶಕ ಅವರಿಗಿಲ್ಲ. ಇರುವುದು ಸಂಸ್ಕಾರಪೂರ್ವ, ಸಂಸ್ಕಾರೋತ್ತರ. ಪಟ್ಟಾಭಿರಾಮ ರೆಡ್ಡಿಯವರ 'ಸಂಸ್ಕಾರ'ವನ್ನು ಸೆನ್ಸಾರ್ ಮಂಡಳಿ ಮೊದಲು ತಡೆದದ್ದು, 1970ರಲ್ಲಿ ಅದು ತೆರೆಗೆ ಬಂದು ರಾಷ್ಟ್ರದ ಅತ್ಯುತ್ತಮ ಚಿತ್ರ ಎನಿಸಿಕೊಂಡದ್ದು, ಪ್ರಾಣೇಶಾಚಾರ್ಯರಾಗಿ ಗಿರೀಶ ಕಾರ್ನಾಡರು, ನಾರಣಪ್ಪನಾಗಿ ಲಂಕೇಶರು, ಕ್ಯಾಮೆರಾ ಹಿಡಿದವನು ಆಸ್ಟ್ರೇಲಿಯಾದ ಟಾಮ್ ಕೋವನ್. ಇಷ್ಟನ್ನೂ ಅವರು ಒಂದೇ ಉಸಿರಿನಲ್ಲಿ ಹೇಳಿ ಮುಗಿಸುವಷ್ಟರಲ್ಲಿ ನಿಮ್ಮ ಬಸ್ಸು ಹೋಗಿರುತ್ತದೆ. ಕಾಸರವಳ್ಳಿಯವರನ್ನು 'ನಮ್ಮ ಗಿರೀಶ' ಎನ್ನುತ್ತಾರೆ. ಕಾಸರವಳ್ಳಿಯವರಿಗೆ ಈ ನೆಂಟಸ್ತಿಕೆಯ ಸುದ್ದಿ ತಲುಪಿದಂತಿಲ್ಲ. ಅವರ 1977ರ 'ಘಟಶ್ರಾದ್ಧ' ಜೀರ್ಣೋದ್ಧಾರಗೊಂಡು 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಮರುಪ್ರದರ್ಶನ ಕಂಡಾಗ ಕನ್ನಡಿಗರೆಲ್ಲ ಹಿಗ್ಗಿದರು. ಮೂರ್ತಿಯವರು ಮಾತ್ರ ಮುಖ ಸಿಂಡರಿಸಿದರು. "ನಾವು ನೋಡಿದಾಗ ಪರದೆ ತುಂಬಾ ಮಳೆ ಬಿದ್ದ ಹಾಗೆ ಗೆರೆ ಇರ್ತಿತ್ತು ಕಣಯ್ಯ. ಆ ಗೆರೆ ತೆಗೆದುಬಿಟ್ರೆ ಅದರಲ್ಲಿನ್ನೇನು ಉಳೀತು?"

ಈ ಗೀಳು ಹತ್ತಿದ್ದು ಸಾಗರದಲ್ಲಿ. ಬ್ಯಾಂಕಿನ ಗುಮಾಸ್ತನಾಗಿ ಮೊದಲ ನೇಮಕ ಅಲ್ಲಿಗೆ. ಬ್ರಹ್ಮಚಾರಿ, ಸಂಜೆ ಹೊತ್ತು ಹೋಗದು. ಪಕ್ಕದ ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರ ನೀನಾಸಂ 1973ರಿಂದಲೇ ಚಿತ್ರಸಮಾಜ ಕಟ್ಟಿಕೊಂಡು ಜಗತ್ತಿನ ಸಿನಿಮಾಗಳನ್ನು ಹಳ್ಳಿಗೆ ತರಿಸುತ್ತಿತ್ತು. ಕುರೊಸಾವಾ, ಸತ್ಯಜಿತ್ ರಾಯ್, ಡಿ ಸಿಕಾ ಎಲ್ಲರೂ ಅಡಿಕೆ ತೋಟದ ನಡುವೆ ಬಂದು ಹೋದವರೇ. ಅಲ್ಲಿ ಮೂರ್ತಿಯವರು 1948ರ 'ಬೈಸಿಕಲ್ ಥೀವ್ಸ್' ನೋಡಿದರು. ಸೈಕಲ್ ಕಳೆದುಕೊಂಡ ಬಡವ ಮಗನ ಕೈ ಹಿಡಿದು ರೋಮ್ ನಗರವೆಲ್ಲ ಅಲೆದು, ಕೊನೆಗೆ ತಾನೇ ಇನ್ನೊಬ್ಬರ ಸೈಕಲ್ ಕದಿಯಲು ಹೋಗಿ ಮಗನೆದುರಿಗೇ ಸಿಕ್ಕಿಬೀಳುವ ಕಥೆ. ಪಕ್ಕದಲ್ಲಿ ಕೂತಿದ್ದ ಮುದುಕರೊಬ್ಬರು, ಎಲೆಯಡಿಕೆ ಬಾಯಲ್ಲಿಟ್ಟುಕೊಂಡೇ, "ಹಾಗಾದ್ರೆ ಆ ಕಳ್ಳನ ಸೈಕಲ್ಲನ್ನ ಮೊದಲು ಕದ್ದೋರು ಯಾರು ಅಂತ?" ಎಂದರಂತೆ.

ಈ ಪ್ರಸಂಗವನ್ನು ಮೂರ್ತಿಯವರು ನಲವತ್ತು ವರ್ಷಗಳಿಂದ ಹೇಳುತ್ತಿದ್ದಾರೆ. ಮೊದಮೊದಲು ಆ ಮಾತನ್ನಾಡಿದವರು ಮುದುಕರೇ ಆಗಿದ್ದರು. ಆಮೇಲಾಮೇಲೆ 'ನಾನೂ ಅವರೂ ಮಾತಾಡಿಕೊಂಡೆವು' ಎಂದಾಯಿತು. ಈಗ ಹತ್ತು ವರ್ಷಗಳಿಂದ ಮುದುಕರು ಕಥೆಯಲ್ಲೇ ಇಲ್ಲ. 'ಆಗ ನನಗನ್ನಿಸಿತು' ಎಂದೇ ಶುರುವಾಗುತ್ತದೆ.

ಬೆಂಗಳೂರಿಗೆ ವರ್ಗವಾದ ಮೇಲೆ ಬನಶಂಕರಿಯಲ್ಲೇ ಮನೆ ಬೇಕೆಂದು ಹಟ ಹಿಡಿದರು. ಸುಚಿತ್ರಾ ಫಿಲಂ ಸೊಸೈಟಿಗೆ ನಡೆದು ಹೋಗುವಷ್ಟು ಹತ್ತಿರವಿರಬೇಕು, ಅಷ್ಟೇ. ಮಕ್ಕಳ ಸ್ಕೂಲು, ಕಾವೇರಿ ನೀರು ಇವೆಲ್ಲ ಹೆಂಡತಿಯ ಇಲಾಖೆ.

ಒಳ್ಳೆಯ ಚಿತ್ರವನ್ನು ಗುರುತಿಸುವುದು ಹೇಗೆ ಎಂದು ಯಾರಾದರೂ ಹುಡುಗರು ಕೇಳಿದರೆ ಅವರು ಮೊದಲು ಅವಧಿ ಕೇಳುತ್ತಾರೆ. ಒಂದೂವರೆ ಗಂಟೆ ಎಂದರೆ ನಿರ್ದೇಶಕನಿಗೆ ಧೈರ್ಯ ಸಾಲದು. ಮೂರು ಗಂಟೆ ದಾಟಿದರೆ ಗೌರವ. ಹಂಗೇರಿಯ ಬೇಲಾ ತಾರ್ 1994ರಲ್ಲಿ ಮಾಡಿದ 'ಸಾತಾನ್‌ಟ್ಯಾಂಗೊ' ಏಳು ಗಂಟೆಗೂ ಹೆಚ್ಚು ಓಡುತ್ತದೆ. ಅದರ ಹೆಸರು ಹೇಳುವಾಗ ಮೂರ್ತಿಯವರು ಚಪ್ಪಲಿ ಬಿಡುವುದೊಂದು ಬಾಕಿ. ಆ ಚಿತ್ರ ಶುರುವಾಗುವುದೇ ಹಸುಗಳಿಂದ. ಕೊಟ್ಟಿಗೆಯಿಂದ ಹಸುಗಳು ಹೊರಗೆ ಬರುತ್ತವೆ, ಕೆಸರಿನಲ್ಲಿ ನಿಲ್ಲುತ್ತವೆ, ನಡೆಯುತ್ತವೆ. ಕ್ಯಾಮೆರಾ ಅವುಗಳ ಪಕ್ಕದಲ್ಲೇ ಮೆಲ್ಲಗೆ ಸಾಗುತ್ತದೆ. ಏಳೆಂಟು ನಿಮಿಷ ಬೇರೇನೂ ಇಲ್ಲ. ಮೂರ್ತಿಯವರು ಮದ್ದೂರಿನ ಕಡೆಯ ಒಕ್ಕಲು ಮನೆಯವರು. ಚಿಕ್ಕಂದಿನಲ್ಲಿ ಅಪ್ಪ ದನ ಹೊಡ್ಕೊಂಡು ಹೋಗು ಅಂದರೆ ಹೊಟ್ಟೆನೋವು ಬರಿಸಿಕೊಂಡು ಮಲಗುತ್ತಿದ್ದ ಹುಡುಗ ಇವರೇ ಎಂದು ಅವರ ಅಣ್ಣ ಈಗಲೂ ನಗುತ್ತಾರೆ. "ನಮ್ಮ ದನೀನ ಮುಖ ನೋಡ್ದೋನಲ್ಲ, ಅಲ್ಲೆಲ್ಲೋ ದನ ನೋಡಾಕೆ ದುಡ್ಡು ಕೊಟ್ಟು ಹೋಗವ್ನೆ."

ಇನ್ನು ನಿದ್ದೆಯ ವಿಷಯ. ಕತ್ತಲು, ಹವಾನಿಯಂತ್ರಣ, ಹೊಟ್ಟೆಯಲ್ಲಿ ಚಿತ್ರಾನ್ನ, ತೆರೆಯ ಮೇಲೆ ಗಾಳಿಗೆ ಅಲ್ಲಾಡುವ ಹುಲ್ಲು. ಯಾರಿಗಾದರೂ ತೂಕಡಿಕೆ ಬರುತ್ತದೆ. ಸಾಮಾನ್ಯ ಮನುಷ್ಯ ಇದಕ್ಕೆ ನಾಚಿಕೊಳ್ಳುತ್ತಾನೆ. ಮೂರ್ತಿಯವರ ಬಳಿ ಅನುಮತಿ ಪತ್ರವಿದೆ: ಪ್ರೇಕ್ಷಕನಿಗೆ ಜೊಂಪು ಹತ್ತಿಸಿ, ಆಮೇಲೆ ವಾರಗಟ್ಟಲೆ ಕಾಡುವ ಚಿತ್ರಗಳೇ ತನಗೆ ಇಷ್ಟ ಎಂಬರ್ಥದ ಮಾತನ್ನು ಇರಾನಿನ ಅಬ್ಬಾಸ್ ಕಿಯಾರೊಸ್ತಮಿ ಆಡಿದ್ದುಂಟು. 1997ರಲ್ಲಿ ಕಾನ್ ಉತ್ಸವದ ಪಾಮ್ ದೋರ್ ಗೆದ್ದ ಮಹಾನುಭಾವನೇ ಹೇಳಿದ ಮೇಲೆ ಗೊರಕೆಗೂ ಒಂದು ಸೌಂದರ್ಯಶಾಸ್ತ್ರ ಬಂದುಬಿಟ್ಟಿತು. ಪಕ್ಕದವರು ಮೊಣಕೈಯಿಂದ ತಿವಿದರೆ, "ಚಿತ್ರ ಒಳಗಿಳೀತಾ ಇದೆ, ಸುಮ್ನಿರಿ" ಎನ್ನುತ್ತಾರೆ.

ಕನ್ನಡದಲ್ಲಿ ಒಳ್ಳೆಯ ಚಿತ್ರ ಬರುತ್ತಿಲ್ಲ ಎಂಬುದು ಅವರ ಖಾಯಂ ದೂರು. ಬಂದಾಗ ಏನಾಗುತ್ತದೆ ಎನ್ನುವುದನ್ನು ಸ್ವಲ್ಪ ನಿಧಾನವಾಗಿಯೇ ನೋಡಬೇಕು. 2013ರಲ್ಲಿ ಪವನ್ ಕುಮಾರ್ ನಿರ್ಮಾಪಕರ ಬಾಗಿಲು ತಟ್ಟುವುದನ್ನು ಬಿಟ್ಟು ಜನರಿಂದಲೇ ಹಣ ಕೂಡಿಸಿ 'ಲೂಸಿಯಾ' ಮಾಡಿದರು. ನೂರಹತ್ತು ಮಂದಿ, ಸುಮಾರು 51 ಲಕ್ಷ ರೂಪಾಯಿ. ನಾನೂ ಹಾಕಿದ್ದೆ ಎಂದು ಮೂರ್ತಿಯವರು ಹೇಳುತ್ತಾರೆ. ಹಾಗೆ ಹೇಳುವವರನ್ನೆಲ್ಲ ಎಣಿಸಿಟ್ಟುಕೊಂಡರೆ ಆ ಹಣದಲ್ಲಿ ಇನ್ನೂ ನಾಲ್ಕು ಲೂಸಿಯಾ ಆಗಬೇಕಿತ್ತು.

'ತಿಥಿ'ಯ ಕಥೆ ಇನ್ನೂ ಸ್ವಾರಸ್ಯ. ರಾಮ್ ರೆಡ್ಡಿಯವರ ಈ ಚಿತ್ರ 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊದಲ್ಲಿ ಎರಡು ಪ್ರಶಸ್ತಿ ಗೆದ್ದಾಗ ಮೂರ್ತಿಯವರು ಸಿಕ್ಕಸಿಕ್ಕವರಿಗೆಲ್ಲ ಸುದ್ದಿ ಹಂಚಿದರು. ಚಿತ್ರೀಕರಣ ನಡೆದ ನೊದೆಕೊಪ್ಪಲು ಅವರದೇ ಮಂಡ್ಯ ಜಿಲ್ಲೆ. ನಟಿಸಿದವರು ನಟರಲ್ಲ, ಆ ಸುತ್ತಿನ ಊರಿನವರೇ. ನೂರೊಂದು ವರ್ಷದ ಸೆಂಚುರಿ ಗೌಡ ಸಾಯುತ್ತಾನೆ, ಹನ್ನೊಂದನೆಯ ದಿನದ ತಿಥಿಯೊಳಗೆ ಮಗ, ಮೊಮ್ಮಗ, ಮರಿಮಗ ತಂತಮ್ಮ ಪಾಡಿನಲ್ಲಿ ಒದ್ದಾಡುತ್ತಾರೆ. ಚಿತ್ರ 2016ರ ಮೇ ತಿಂಗಳಲ್ಲಿ ಬಿಡುಗಡೆಯಾಯಿತು. ಆ ಭಾನುವಾರವೇ ಊರಿನಲ್ಲಿ ಸ್ವಂತ ಚಿಕ್ಕಪ್ಪನ ತಿಥಿ. ಮೂರ್ತಿಯವರು ಟಿಕೆಟ್ ಬುಕ್ ಆಗಿದೆ ಎಂದು ಉಳಿದುಬಿಟ್ಟರು. ತೆರೆಯ ಮೇಲೆ ಕುರಿ ಲೆಕ್ಕ, ಬಾಡೂಟದ ಲೆಕ್ಕ ಎಲ್ಲ ನೋಡಿ, ಗ್ರಾಮಜೀವನದ ಲಯ ಇದು ಎಂದು ಕಣ್ಣು ಒದ್ದೆ ಮಾಡಿಕೊಂಡರು. ಆ ಹೊತ್ತಿಗೆ ಮದ್ದೂರಿನ ಕಡೆ ಅದೇ ಲೆಕ್ಕ ಅಣ್ಣನೊಬ್ಬನ ತಲೆಯ ಮೇಲಿತ್ತು.

ಎರಡು ವಾರದ ಮೇಲೆ ಆಟೊ ಡ್ರೈವರ್ ಒಬ್ಬ ಆ ಚಿತ್ರದ ಗಡ್ಡಪ್ಪನ ನಡಿಗೆಯನ್ನೂ ಮಾತನ್ನೂ ಅಣಕಿಸಿ ತೋರಿಸಿ, "ಏನ್ ಪಿಕ್ಚರ್ ಸಾರ್ ಅದು!" ಎಂದ. ಅಂದಿನಿಂದ ಮೂರ್ತಿಯವರ ಉತ್ಸಾಹ ಇಳಿಯಿತು. 'ಚೆನ್ನಾಗಿದೆ, ಆದ್ರೆ ಕೊಂಚ ಜನಪ್ರಿಯ ಆಯ್ತು' ಎಂದರು. ಗಡ್ಡಪ್ಪ, ಸೆಂಚುರಿ ಗೌಡ ಬೇರೆ ಚಿತ್ರಗಳಲ್ಲೂ ಕಾಣಿಸಿಕೊಂಡ ಮೇಲಂತೂ ಆ ವಿಷಯವೇ ಬೇಡ ಎನ್ನುತ್ತಾರೆ. ಅವರ ಪ್ರೀತಿ ಹೀಗೆ: ಹಿತ್ತಲ ಗಿಡ ಮದ್ದೇ, ನೆರೆಮನೆಯವರು ಕಿತ್ತುಕೊಂಡು ಹೋಗುವವರೆಗೆ.

ಇನ್ನು 'ಶಿವಮ್ಮ'. ಕೊಪ್ಪಳ ಜಿಲ್ಲೆಯ ಯರೇಹಂಚಿನಾಳದ ಹೆಂಗಸೊಬ್ಬಳು ಮನೆಯ ಸಂಕಷ್ಟ ನೀಗಲೆಂದು ಆರೋಗ್ಯ ಪುಡಿ ಮಾರುವ ಜಾಲಕ್ಕೆ ಸೇರುವ ಕಥೆ. ಜೈಶಂಕರ್ ಆರ್ಯರ್ ನಿರ್ದೇಶನ, 2022ರಲ್ಲಿ ಬೂಸಾನ್ ಉತ್ಸವದ ನ್ಯೂ ಕರೆಂಟ್ಸ್ ಪ್ರಶಸ್ತಿ. ಅದು ಚಿತ್ರಮಂದಿರಕ್ಕೆ ಬಂದದ್ದು 2024ರ ಜೂನ್‌ನಲ್ಲಿ. ಮೂರ್ತಿಯವರು ಪೋಸ್ಟರ್ ಹಂಚಿದರು, ಹೊಗಳಿದರು, ಇಂಥ ಚಿತ್ರ ಉಳಿಸಿಕೊಳ್ಳದ ಕನ್ನಡಿಗರಿಗೆ ಧಿಕ್ಕಾರ ಎಂದರು. ಟಿಕೆಟ್ ಕೊಳ್ಳಲಿಲ್ಲ. 'ಓಟಿಟಿಗೆ ಬರುತ್ತಲ್ಲ.' ಇಂಥ ಚಿತ್ರಗಳಿಗೆ ದಿನಕ್ಕೆ ಒಂದೋ ಎರಡೋ ಆಟ, ಅದೂ ಕಚೇರಿಗೆ ಹೋಗುವ ಹೊತ್ತಿಗೆ; ಮೊದಲ ಮೂರು ದಿನ ಕುರ್ಚಿ ತುಂಬದಿದ್ದರೆ ಸೋಮವಾರ ಆಟವೇ ಇರುವುದಿಲ್ಲ. ಕಚೇರಿಯ ಹಂಗಿಲ್ಲದ, ಬೆಳಗ್ಗೆ ಹತ್ತಕ್ಕೆ ಬಿಡುವಾಗಿರುವ, ಚಿತ್ರದ ಬೆಲೆ ಗೊತ್ತಿರುವ ಪ್ರೇಕ್ಷಕ ಈ ಊರಿನಲ್ಲಿ ಯಾರಾದರೂ ಇದ್ದರೆ ಅದು ನಿವೃತ್ತ ಮೂರ್ತಿಯವರೇ. ಇದನ್ನು ಅವರಿಗೆ ಯಾರೂ ಹೇಳಿಲ್ಲ. ಹೇಳಲು ಹೋದರೆ ಮಾತು 'ಸಂಸ್ಕಾರ'ಕ್ಕೆ ಹೋಗುತ್ತದೆ.

ಅವರ ಮೆಚ್ಚಿನ ಚಿತ್ರಗಳ ಪಟ್ಟಿಯನ್ನು ಹೆಂಡತಿ ಒಮ್ಮೆ ಸುಮ್ಮನೆ ಕೇಳಿಸಿಕೊಂಡಿದ್ದರು. ಮಣಿ ಕೌಲ್ ಅವರ 1969ರ 'ಉಸ್ಕಿ ರೋಟಿ': ಬಸ್ ಡ್ರೈವರ್ ಗಂಡನಿಗೆ ರೊಟ್ಟಿ ಕಟ್ಟಿಕೊಂಡು ಹೆಂಡತಿ ರಸ್ತೆಯ ಬದಿಯಲ್ಲಿ ಕಾಯುತ್ತಾಳೆ, ಕಾಯುತ್ತಲೇ ಇರುತ್ತಾಳೆ. ಅಡೂರ್ ಗೋಪಾಲಕೃಷ್ಣನ್ ಅವರ 1981ರ 'ಎಲಿಪ್ಪತ್ತಾಯಂ', ಅಂದರೆ ಇಲಿಬೋನು: ಹಳೆಯ ಮನೆತನದ ಯಜಮಾನ ಉಣ್ಣಿ ಆರಾಮಕುರ್ಚಿಯಲ್ಲಿ ಕೂತು ಕೂಗು ಹಾಕುತ್ತಾನೆ, ಸೋದರಿ ದುಡಿದು ದುಡಿದು ಸವೆಯುತ್ತಾಳೆ; ದಾರಿಯಲ್ಲಿ ಕೆಸರು ನಿಂತಿದೆ ಎಂದು ಹೊರಟ ಕಡೆ ಹೋಗದೆ ಮನೆಗೆ ಮರಳುವ ಗಂಡಸು ಅವನು. ಭಾನುವಾರ ಮಧ್ಯಾಹ್ನದ ದೂರದರ್ಶನದಲ್ಲಿ ಅದನ್ನು ನೋಡಿ ಮೂರ್ತಿಯವರು ಮೊದಲ ಸಲ ಉಣ್ಣಿಯ ಮೇಲೆ ಕೆಂಡವಾಗಿದ್ದು, "ಎಂಥಾ ಸೋಂಬೇರಿ ನೋಡೇ ಇವ್ನು" ಎಂದದ್ದು ಆರಾಮಕುರ್ಚಿಯಿಂದಲೇ. ಆಮೇಲೆ, "ಒಂದ್ ಲೋಟ ಕಾಫಿ ತಾ" ಎಂದರು. ಕಾಫಿ ಬಂತು.

ಕಳೆದ ಮಳೆಗಾಲದಲ್ಲಿ ಮಗ ಊರಿಗೆ ಬಂದವನು ಲ್ಯಾಪ್‌ಟಾಪಿನಿಂದ ಟೀವಿಗೆ ತಂತಿ ಜೋಡಿಸಿ, ಅಪ್ಪ ಬಹಳ ದಿನದಿಂದ ಜಪಿಸುತ್ತಿದ್ದ 'ಜಾನ್ ಡೀಲ್ಮನ್' ಹಾಕಿಕೊಟ್ಟ. ಬೆಲ್ಜಿಯಂನ ಶಾಂತಾಲ್ ಆಕರ್ಮನ್ ಇಪ್ಪತ್ತೈದರ ವಯಸ್ಸಿನಲ್ಲಿ, 1975ರಲ್ಲಿ ಮಾಡಿದ ಚಿತ್ರ. 201 ನಿಮಿಷ. 2022ರಲ್ಲಿ ಬ್ರಿಟನ್ನಿನ 'ಸೈಟ್ ಅಂಡ್ ಸೌಂಡ್' ಪತ್ರಿಕೆ ವಿಮರ್ಶಕರನ್ನೆಲ್ಲ ಕೇಳಿದಾಗ ಸಾರ್ವಕಾಲಿಕ ಶ್ರೇಷ್ಠ ಚಿತ್ರ ಎಂದು ಮೊದಲ ಸ್ಥಾನ ಸಿಕ್ಕಿದ್ದು ಇದಕ್ಕೆ. ಕಥೆ ಎಂದರೆ ಮೂರು ದಿನ, ಒಬ್ಬ ವಿಧವೆ, ಒಬ್ಬ ಮಗ, ಒಂದು ಅಡುಗೆಮನೆ. ಹಾಸಿಗೆ ಮಡಚುವುದು, ಪಾತ್ರೆ ತೊಳೆಯುವುದು, ಆಲೂಗಡ್ಡೆ ಸುಲಿಯುವುದು. ಹೊಟ್ಟೆಪಾಡಿಗೆ ಮಧ್ಯಾಹ್ನ ಮನೆಗೆ ಬರುವ ಗಂಡಸರು. ಕ್ಯಾಮೆರಾ ಅಲ್ಲಾಡುವುದಿಲ್ಲ.

ಮೂರ್ತಿಯವರು ದೀಪ ಆರಿಸಿದರು, ಫೋನ್ ಮುಚ್ಚಿಟ್ಟರು, ಹೆಂಡತಿಯನ್ನೂ ಕೂರಿಸಿದರು. ಅವರು ಸೊಪ್ಪಿನ ಮೊರ ತೊಡೆಯ ಮೇಲಿಟ್ಟುಕೊಂಡೇ ಕೂತರು.

"ನೋಡು, ಇದನ್ನ ಕಾಲ ಅಂತಾರೆ. ಕಾಲವನ್ನೇ ನಮಗೆ ತೋರಿಸ್ತಾಳೆ."

"ಆ ಹುಡುಗ ಊಟ ಮಾಡ್ತಾ ಪುಸ್ತಕ ಓದ್ತಾನಲ್ರೀ," ಎಂದರು ಹೆಂಡತಿ. "ನಿಮ್ಮ ಹಾಗೇ."

ಒಂದು ಗಂಟೆಯ ಹೊತ್ತಿಗೆ ಚಿತ್ರ ಮೂರ್ತಿಯವರ ಒಳಗಿಳಿಯತೊಡಗಿತು. ತಲೆ ಹಿಂದಕ್ಕೆ ವಾಲಿತು, ಬಾಯಿ ತೆರೆಯಿತು. ಮಗ ಎದ್ದು ಹೋದ. ಹೆಂಡತಿ ಸೊಪ್ಪು ಬಿಡಿಸುತ್ತಾ ನೋಡುತ್ತಲೇ ಇದ್ದರು. ಅನುವಾದದ ಸಾಲು ಓದುವ ಅಗತ್ಯ ಅವರಿಗೆ ಬರಲಿಲ್ಲ. ಚಿತ್ರದ ಎರಡನೆಯ ದಿನ, ಒಲೆಯ ಮೇಲೆ ಆಲೂಗಡ್ಡೆ ಬೆಂದದ್ದು ಹೆಚ್ಚಾಯಿತು. ಆಕೆ ಪಾತ್ರೆ ಹಿಡಿದುಕೊಂಡು ಎಲ್ಲಿಡಬೇಕೆಂದು ತೋಚದೆ ಮನೆಯೊಳಗೆ ಅತ್ತ ಇತ್ತ ತಿರುಗಿದಳು. ಸೊಪ್ಪು ಬಿಡಿಸುತ್ತಿದ್ದ ಕೈ ನಿಂತಿತು.

"ಅಯ್ಯೋ, ಇವಳಿಗೇನೋ ಆಗಿದೆ," ಎಂದರು ಹೆಂಡತಿ, ತಮ್ಮಷ್ಟಕ್ಕೆ. "ದಿನಾ ಮಾಡೋಳು ಆಲೂಗಡ್ಡೆ ಹೀಗೆ ಕೆಡಿಸೋದಿಲ್ಲ. ಇನ್ನು ಇವಳನ್ನ ಹಿಡಿಯಕ್ಕಾಗಲ್ಲ."

ಆ ಆಲೂಗಡ್ಡೆಯಿಂದಲೇ ಆಕೆಯ ಬದುಕಿನ ಹೊಲಿಗೆ ಬಿಚ್ಚತೊಡಗುತ್ತದೆ ಎಂದು ಐವತ್ತು ವರ್ಷಗಳಿಂದ ದೊಡ್ಡ ದೊಡ್ಡ ವಿಮರ್ಶಕರು ಬರೆದಿದ್ದಾರೆ. ಮೂರ್ತಿಯವರು ಅವರಲ್ಲಿ ಹಲವರನ್ನು ಓದಿಯೂ ಇದ್ದರು. ಆದರೆ ಆ ಕ್ಷಣಕ್ಕೆ ಅವರಿಗೆ ಎಚ್ಚರವಾದದ್ದು ಹೆಂಡತಿಯ ದನಿಗೆ.

"ಏನಾಯ್ತೇ?"

"ಏನಿಲ್ಲ, ಮಲಕ್ಕೊಳಿ. ಆಲೂಗಡ್ಡೆ ಕೆಟ್ಟೋಯ್ತು."

ಮರುದಿನ ಸಂಜೆ, ಚಹದ ಅಂಗಡಿಯ ಮುಂದೆ, ಚಿತ್ರರಸಿಕ ಹುಡುಗರ ನಡುವೆ ಮೂರ್ತಿಯವರು ಲೋಟ ಕೆಳಗಿಟ್ಟರು. ಕಣ್ಣು ಅರೆಮುಚ್ಚಿದರು.

"ಎಲ್ಲರೂ ಆಕೆಯ ಮುಖ ನೋಡ್ತಾರೆ ಕಣ್ರಯ್ಯ. ಆಲೂಗಡ್ಡೆಯನ್ನ ಯಾರೂ ನೋಡಲ್ಲ. ನಿನ್ನೆ ರಾತ್ರಿ ನನಗನ್ನಿಸಿತು..."

ಹುಡುಗನೊಬ್ಬ ಫೋನ್ ತೆಗೆದು ಬರೆದುಕೊಳ್ಳತೊಡಗಿದ. ಮನೆಯಲ್ಲಿ ಆ ಹೊತ್ತಿಗೆ ಬಸ್ಸಾರಿಗೆ ಬೇಳೆ ಬೇಯುತ್ತಿತ್ತು. ಹೆಂಡತಿ ಕುಕ್ಕರಿನ ಕೂಗು ಎಣಿಸುತ್ತಿದ್ದರು.