ರೆಫ್ರಿ ಮಾವ

ಅರಸೀಕೆರೆ ಜಂಕ್ಷನ್ನಿನ ಹೊರಗಿರುವ ಒಂದು ಟೀ ಅಂಗಡಿಯಲ್ಲಿ ಎಲ್ಲೂ ಬರೆದಿಡದ ಕಾನೂನೊಂದಿದೆ. ವಾದದಲ್ಲಿ ಸೋತವನು ಎಲ್ಲರ ಟೀ ದುಡ್ಡು ಕೊಡಬೇಕು. ಕಾನೂನು ಜಾರಿಗೆ ಬಂದು ಬಹಳ ವರ್ಷವಾಯಿತು, ಇದುವರೆಗೆ ಯಾರೂ ಸೋತಿಲ್ಲ. ಬಾಕಿ ಬರೆದಿಡುವ ನೋಟ್‌ಬುಕ್ಕು ಮಾತ್ರ ಈಗ ನಾಲ್ಕನೆಯದು.

ಯಾರೂ ಸೋಲದಿರುವುದಕ್ಕೆ ಕಾರಣ ರೆಫ್ರಿ ಮಾವ. ಅವರ ನಿಜವಾದ ಹೆಸರು ರೇಷನ್ ಕಾರ್ಡಿನಲ್ಲಿದೆ, ಬೇರೆಲ್ಲೂ ಬಳಕೆಯಲ್ಲಿಲ್ಲ. ಛತ್ರಿ ಸೇರಿಸಿ ತೂಗಿದರೂ ಐವತ್ತು ಕೆಜಿ ದಾಟದ ಆಳು. ಜೀವಮಾನದಲ್ಲಿ ಕೈ ಎತ್ತಿದ್ದರೆ ಅದು ಬಸ್ಸು ನಿಲ್ಲಿಸಲಿಕ್ಕೆ. ಮನೆಯಲ್ಲಿ ಸೊಳ್ಳೆ ಹೊಡೆಯುವುದೂ ಅತ್ತೆಯ ಪಾಲಿನ ಕೆಲಸ. ಇಂಥವರು ಪ್ರತಿ ಸಂಜೆ ಐದೂವರೆಗೆ ಬೆಂಚಿನ ತುದಿಯಲ್ಲಿ ಕೂತು, ಪ್ರಪಂಚದ ಸಾರ್ವಕಾಲಿಕ ಶ್ರೇಷ್ಠ ಬಾಕ್ಸರ್ ಯಾರೆಂಬ ಮೊಕದ್ದಮೆಯನ್ನು ವಿಚಾರಣೆಗೆ ಎತ್ತಿಕೊಳ್ಳುತ್ತಾರೆ. ನಿಮ್ಮೂರಿನಲ್ಲೂ ಇಂಥ ಒಬ್ಬರಿರುತ್ತಾರೆ. ಬಾಕ್ಸಿಂಗ್ ಬದಲು ರಾಜ್‌ಕುಮಾರೋ ವಿಷ್ಣುವರ್ಧನೋ ಎಂಬ ವಿಚಾರವಿರಬಹುದು, ಬೆಂಚು ಅದೇ.

ಮಾವ ಕೊಬ್ಬರಿ ವ್ಯಾಪಾರದಲ್ಲಿ ಪಳಗಿದವರು. ನಮ್ಮ ಕಡೆಯ ಉಂಡೆ ಕೊಬ್ಬರಿಯ ಮರ್ಮ ಹೊರಗಿನವರಿಗೆ ಗೊತ್ತಿರಲಿಕ್ಕಿಲ್ಲ. ಬಲಿತ ಕಾಯಿಯನ್ನು ಸುಲಿಯದೆ ಅಟ್ಟಕ್ಕೆ ಹಾಕಿ ಹತ್ತು ಹನ್ನೆರಡು ತಿಂಗಳು ಮರೆತುಬಿಡಬೇಕು. ನೀರು ಇಂಗಿ, ತಿರುಳು ಒಣಗಿ, ಚಿಪ್ಪು ಬಿಟ್ಟುಕೊಂಡಾಗ ಕಾಯಿ ಅಲ್ಲಾಡಿಸಿದರೆ ಒಳಗಿಂದ ಗಡಗಡ ಎನ್ನುತ್ತದೆ. ಮಾವ ಬಾಕ್ಸರುಗಳನ್ನೂ ಹೀಗೇ ಕಿವಿ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ.

"ಟೈಸನ್ನಾ? ಎಳನೀರು ಕಣಯ್ಯಾ. ಇಪ್ಪತ್ತು ವರ್ಷಕ್ಕೇ ಕೆತ್ತಿ ಸ್ಟ್ರಾ ಹಾಕ್ಬುಟ್ರು. ಇನ್ನು ಕೊಬ್ಬರಿ ಎಲ್ಲಿಂದ ಬಂದಾತು?"

ಟೈಸನ್ ಪರವಾಗಿ ವಾದಿಸುವವನು ಸಲೂನಿನ ಹುಡುಗ. 1986ರಲ್ಲಿ ಟ್ರೆವರ್ ಬರ್ಬಿಕ್‌ನನ್ನು ಎರಡೇ ಸುತ್ತಿನಲ್ಲಿ ಕೆಡವಿ ಅತಿ ಕಿರಿಯ ಹೆವಿವೇಟ್ ಚಾಂಪಿಯನ್ ಆದವನು ಎಂದು ಅವನು ಶುರು ಮಾಡಿದರೆ, ಮಾವ ನೇರ 1997ಕ್ಕೆ ಹಾರುತ್ತಾರೆ. "ಹೋಲಿಫೀಲ್ಡನ ಕಿವಿ ಕಚ್ಚಿದೋನು ಅವನು. ಕಿವಿ ಉಳಿಸಿ ಕತ್ತರಿ ಆಡ್ಸೋ ಕಸುಬು ನಿಂದು. ನೀನೇ ಅವನ ಪರ ನಿಂತ್ರೆ ಗಿರಾಕಿಗಳ ಗತಿ ಏನ್ಲಾ?" ಅಲ್ಲಿಗೆ ಹುಡುಗ ಗಪ್‌ಚಿಪ್. ಸೋಲಂತೂ ಅಲ್ಲ, ವಿರಾಮ.

ನಿವೃತ್ತ ಗಣಿತದ ಮೇಷ್ಟ್ರು ರಾಕಿ ಮಾರ್ಸಿಯಾನೊ ಕಡೆ. 49 ಪಂದ್ಯ, 49 ಗೆಲುವು, ಸೋಲು ಸೊನ್ನೆ. ಸೊನ್ನೆಯ ಬಗ್ಗೆ ಮೇಷ್ಟ್ರಿಗೆ ವೃತ್ತಿಸಹಜ ಭಕ್ತಿ. ಮಾವನ ತಕರಾರು ತೂಕದ್ದು: "ಲೆಕ್ಕ ಸರಿ ಸಾ. ತಕ್ಕಡಿಯ ಆಚೆ ತಟ್ಟೇಲಿ ಏನಿತ್ತು? 1951ರಲ್ಲಿ ಜೋ ಲೂಯಿಸ್‌ನ ಹೊಡೆದ ಅಂತೀರಿ, ಆಗ ಲೂಯಿಸ್‌ಗೆ ಮೂವತ್ತೇಳು. ರಿಟೈರ್ಡ್ ಹೆಡ್‌ಮಾಸ್ಟರ ಮೇಲೆ ಓಟದಲ್ಲಿ ಗೆದ್ದಂಗೆ." ಮೇಷ್ಟ್ರು ಸ್ವತಃ ರಿಟೈರ್ಡ್ ಎಂಬುದು ಆ ಹೊತ್ತಿಗೆ ಮಾವನಿಗೆ ನೆನಪಿಗೆ ಬರುವುದಿಲ್ಲ. ಮೇಷ್ಟ್ರಿಗೆ ಬರುತ್ತದೆ.

ಹಾಗಾದರೆ ಮಾವ ಮುಹಮ್ಮದ್ ಅಲಿ ಕಡೆಯೇ? ಬೇರೆಯವರು ಅಲಿಯನ್ನು ಹೊಗಳದೆ ಇರುವವರೆಗೆ ಹೌದು. ವಿಯೆಟ್ನಾಂ ಯುದ್ಧಕ್ಕೆ ಹೋಗಲಾರೆ ಎಂದದ್ದಕ್ಕೆ 1967ರಲ್ಲಿ ಅಲಿಯ ಪಟ್ಟ ಕಿತ್ತುಕೊಂಡು ಮೂರೂವರೆ ವರ್ಷ ರಿಂಗಿನಿಂದ ಆಚೆ ಕೂರಿಸಿದ್ದರಲ್ಲ, ಅದೇ ಅಟ್ಟದ ಕಾಲ ಎಂದು ಮಾವನ ಸಿದ್ಧಾಂತ. 1974ರಲ್ಲಿ ಕಿನ್ಶಾಸಾದಲ್ಲಿ, ಅಲ್ಲಿಯವರೆಗೆ ನಲವತ್ತಕ್ಕೆ ನಲವತ್ತೂ ಗೆದ್ದಿದ್ದ ಜಾರ್ಜ್ ಫೋರ್‌ಮನ್ ಎದುರು ಅಲಿ ಹಗ್ಗಕ್ಕೆ ಒರಗಿ ಹೊಡೆಸಿಕೊಂಡೇ ನಿಂತ. ಎಂಟನೇ ಸುತ್ತಿಗೆ ಫೋರ್‌ಮನ್ ಹೊಡೆದೂ ಹೊಡೆದೂ ಸುಸ್ತು, ಅಲಿಯ ಒಂದು ಬಲಗೈ, ಕಥೆ ಮುಗಿಯಿತು. "ರೇಟು ಬೀಳ್ತಾ ಐತೆ ಅಂತ ಮಾಲು ಬಿಡಲಿಲ್ಲ ನೋಡು. ಅವನು ತಿಪಟೂರು ಮಂಡಿಯಲ್ಲಿ ಇರಬೇಕಿತ್ತು," ಎನ್ನುವಾಗ ಮಾವನ ಕಣ್ಣು ತೇವ. ಮರುದಿನ ಯಾರಾದರೂ "ಹೌದು ಮಾವ, ಅಲಿಯೇ" ಅಂದರೆ ಸಾಕು, 1971ರಲ್ಲಿ ಫ್ರೇಜಿಯರ್ ಎದುರು ಹದಿನೈದನೇ ಸುತ್ತಿನಲ್ಲಿ ಅಲಿ ನೆಲಕ್ಕೆ ಬಿದ್ದದ್ದನ್ನು ತಾವೇ ಎತ್ತಿ ತೋರಿಸುತ್ತಾರೆ.

ಅಲಿ ಮದ್ರಾಸಿಗೆ ಬಂದಿದ್ದು 1980ರಲ್ಲಿ. ಎಂ.ಜಿ.ಆರ್. ಮುಖ್ಯಮಂತ್ರಿ. ಜಿಮ್ಮಿ ಎಲ್ಲಿಸ್ ಜೊತೆ ಪ್ರದರ್ಶನ ಪಂದ್ಯ. ಅದನ್ನು ನೋಡಲು ಮಾವ ರೈಲು ಹತ್ತಿದ್ದರಂತೆ. ಬೆಂಗಳೂರಿನವರೆಗೆ ಹೋಗಿ, ಅಲ್ಲಿ ಕೊಬ್ಬರಿ ಏರಿತೆಂಬ ಸುದ್ದಿ ಕೇಳಿ ವಾಪಸ್ ಬಂದರಂತೆ. ಮಾವ ಬಾಕ್ಸಿಂಗಿಗೆ ಅತ್ಯಂತ ಸಮೀಪ ಹೋದದ್ದು ಇಷ್ಟು, ಸುಮಾರು ಮುನ್ನೂರೈವತ್ತು ಕಿಲೋಮೀಟರು.

ಯಂತ್ರವನ್ನಾದರೂ ನಂಬೋಣ ಎಂದು ಮೇಷ್ಟ್ರು ಒಮ್ಮೆ ಪಟ್ಟು ಹಿಡಿದರು. 1969ರಲ್ಲಿ ಅಮೆರಿಕದವರು ಅಲಿ, ಮಾರ್ಸಿಯಾನೊ ಇಬ್ಬರ ಲೆಕ್ಕವನ್ನೂ ಕಂಪ್ಯೂಟರಿಗೆ ತಿನ್ನಿಸಿ, ಇಬ್ಬರನ್ನೂ ಕರೆಸಿ ಸಿನಿಮಾ ಶೂಟಿಂಗಿನಂತೆ ಹೊಡೆದಾಡಿಸಿದ್ದರು. ಮರುವರ್ಷ ಚಿತ್ರಮಂದಿರಗಳಲ್ಲಿ ತೋರಿಸಿದಾಗ ಹದಿಮೂರನೇ ಸುತ್ತಿನಲ್ಲಿ ಮಾರ್ಸಿಯಾನೊ ಗೆದ್ದ. ಪಾಪ, ಅಷ್ಟರೊಳಗೆ ಅವನು ವಿಮಾನ ಅಪಘಾತದಲ್ಲಿ ತೀರಿಕೊಂಡಿದ್ದ. ಮೇಷ್ಟ್ರು ಗೆದ್ದೇಬಿಟ್ಟರು ಎಂದುಕೊಂಡು ಅಂಗಡಿಯವನು ನೋಟ್‌ಬುಕ್ಕಿಗೆ ಕೈ ಹಾಕಿದ. ಮಾವ ಟೀ ಆರಿಸಿಕೊಳ್ಳುತ್ತಾ ಹೇಳಿದರು: "ಯುರೋಪಿನಲ್ಲಿ ತೋರಿಸಿದ ರೀಲಿನಲ್ಲಿ ಗೆದ್ದದ್ದು ಅಲಿ. ಕಂಪ್ಯೂಟರೂ ಊರು ನೋಡಿ ಮಾತಾಡ್ತದೆ ಸಾ." ನೋಟ್‌ಬುಕ್ಕು ಮತ್ತೆ ಡ್ರಾಯರು ಸೇರಿತು.

ಮಾವ ಮನಸಾರೆ ಮೆಚ್ಚುವ ಪಂದ್ಯ ಒಂದೇ, 1952ರ ನ್ಯೂಯಾರ್ಕಿನದು. ಪೌಂಡಿಗೆ ಪೌಂಡು ತೂಗಿದರೆ ಇವನಂಥವನಿಲ್ಲ ಎಂದು ಬಲ್ಲವರೆಲ್ಲ ಒಪ್ಪುವ ಶುಗರ್ ರೇ ರಾಬಿನ್ಸನ್, ತನಗಿಂತ ಭಾರದ ಜೋಯಿ ಮ್ಯಾಕ್ಸಿಮ್ ಮೇಲೆ ಏರಿ ಹೋದ. ನೂರು ಡಿಗ್ರಿ ಫ್ಯಾರನ್‌ಹೀಟ್ ದಾಟಿದ ಸೆಖೆ. ಪಾಯಿಂಟ್ಸ್‌ನಲ್ಲಿ ಮುಂದಿದ್ದೂ ಹದಿನಾಲ್ಕನೇ ಸುತ್ತಿಗೆ ರಾಬಿನ್ಸನ್ ಸ್ಟೂಲಿನಿಂದ ಏಳಲಾಗಲಿಲ್ಲ. ಆದರೆ ಮಾವನಿಗೆ ಬೇಕಾದ ಭಾಗ ಅದಲ್ಲ. "ಅವರಿಬ್ಬರಿಗಿಂತ ಮುಂಚೆ ಸುಸ್ತಾಗಿ ಹೋದೋನು ಯಾರು? ರೆಫ್ರಿ! ಹತ್ತು ಸುತ್ತಾದ ಮೇಲೆ ಅವನನ್ನ ಬದಲಾಯಿಸಿ ಬೇರೆಯೋನ ತರಬೇಕಾಯ್ತು. ಹೊಡೆಯೋರ ಕಷ್ಟ ಎಲ್ರಿಗೂ ಕಾಣ್ತದೆ. ನ್ಯಾಯ ಹೇಳೋನ ಕಷ್ಟ ಯಾರಿಗ್ ಕಾಣ್ತದೆ?" ಹೀಗೆಂದು ಅವರು ಟವಲಿನಿಂದ ಕತ್ತು ಒರೆಸಿಕೊಳ್ಳುತ್ತಾರೆ, ಹೊರಗೆ ಡಿಸೆಂಬರಿನ ಚಳಿ ಇದ್ದರೂ.

ನಮ್ಮದೇ ನಾಡಿನ ಮುಷ್ಟಿಯುದ್ಧವೊಂದು ಇದೆಯಲ್ಲ ಎಂದು ನಾನು ನೆನಪಿಸಿದೆ. ವಿಜಯದಶಮಿಯ ದಿನ ಮೈಸೂರು ಅರಮನೆಯಲ್ಲಿ ತಲೆ ಬೋಳಿಸಿಕೊಂಡ ಜಟ್ಟಿಗಳ ವಜ್ರಮುಷ್ಟಿ ಕಾಳಗ. ಮೈಸೂರು, ಬೆಂಗಳೂರು, ಚನ್ನಪಟ್ಟಣ, ಚಾಮರಾಜನಗರದ ಜಟ್ಟಿಗಳು ಬರುತ್ತಾರೆ, ತಲೆಯಿಂದ ಮೊದಲ ಹನಿ ರಕ್ತ ಚಿಮ್ಮಿದೊಡನೆ ಕಾಳಗ ಮುಗಿಯುತ್ತದೆ. ಮಾವ ಮುಖ ಹುಳ್ಳಗೆ ಮಾಡಿದರು. ಟಿವಿಯಲ್ಲಿ ನೋಡುತ್ತಾ ಯಾವ ಜೋಡಿ ಮೇಲೆಂದು ಅವರು ಪೀಠಿಕೆ ಹಾಕುವಷ್ಟರಲ್ಲಿ ಎರಡೂ ಜೋಡಿ ಮುಗಿದುಹೋಗಿತ್ತಂತೆ. "ಅದೇನ್ ಆಟ ಬುಡಪ್ಪಾ. ಮಾತಿಗೆ ಜಾಗವೇ ಇಲ್ಲ."

ಹೋದ ವರ್ಷ ಬೆಂಗಳೂರಿನ ನೆಂಟರು ಬಂದಾಗ ಕಾರು ಮಾಡಿಕೊಂಡು ಹಳೇಬೀಡು, ಬೇಲೂರಿಗೆ ಹೊರಟೆವು. ಮಾವ ಮುಂದಿನ ಸೀಟು. ಬೇಲೂರು, ಹಳೇಬೀಡು 2023ರಲ್ಲಿ ಸೋಮನಾಥಪುರದ ಜೊತೆ ಯುನೆಸ್ಕೊ ಪಟ್ಟಿಗೆ ಸೇರಿ, ನಮ್ಮೂರಿನ ಹೊಯ್ಸಳ ಶಿವಾಲಯ ಹೊರಗುಳಿದದ್ದು ಅವರಿಗೆ ಇನ್ನೂ ಅರಗಿಲ್ಲ. "ನಾಕೌಟ್ ಆಗಿದ್ರೆ ಒಪ್ಕೊಬೋದಿತ್ತು. ಪಾಯಿಂಟ್ಸಲ್ಲಿ ಸೋಲಿಸಿದ್ರು." ಬಾಣಾವರ ದಾಟಿ ಜಾವಗಲ್ ಬಂತು. ಡ್ರೈವರು ಜಾವಗಲ್ ಶ್ರೀನಾಥ್ ಬೌಲಿಂಗಿನ ವೇಗ ಹೊಗಳಿದ. ಮಾವ ಕೈ ಅಡ್ಡ ಹಿಡಿದರು: "ವಿಕೆಟ್ ಯಾರ್ ಬೇಕಾದ್ರೂ ತಗೋತಾರೆ. ಆಮೇಲೆ ಮ್ಯಾಚ್ ರೆಫ್ರಿ ಆದ ನೋಡು, ಅದು ಬೆಳವಣಿಗೆ."

ಹಳೇಬೀಡಿನ ಗೋಡೆಯ ರಾಮಾಯಣದ ಸಾಲಿನ ಎದುರು ನಿಂತವರೇ ವಾಲಿಯ ಕೇಸು ಬಿಚ್ಚಿದರು. ಎದುರು ನಿಂತವನ ಅರ್ಧ ಬಲ ವಾಲಿಗೇ ಸೇರುತ್ತಿತ್ತು. ಅಂದಮೇಲೆ ಪೌಂಡಿಗೆ ಪೌಂಡು ತೂಗುವುದು ಹೇಗೆ? ಗಂಟೆ ಹೊಡೆದೊಡನೆ ಒಬ್ಬ ಒಂದೂವರೆ, ಇನ್ನೊಬ್ಬ ಅರ್ಧ! ಮೊದಲ ಪಂದ್ಯದಲ್ಲಿ ಸುಗ್ರೀವ ಏಟು ತಿಂದು ಓಡಿಬಂದ. ಎರಡನೆಯದರಲ್ಲಿ ಗುರುತಿಗೊಂದು ಹಾರ, ಮರೆಯಿಂದೊಂದು ಬಾಣ. "ಪ್ರೇಕ್ಷಕರ ಕಡೆಯಿಂದ ಬಾಣ ಬಂದ್ರೆ ಆ ಪಂದ್ಯ ರದ್ದು ಮಾಡ್ಬೇಕು," ಎಂದು ಮಾವ ತೀರ್ಪು ಕೊಡುವಾಗ ಸುತ್ತ ಇಪ್ಪತ್ತು ಜನ ಸೇರಿದ್ದರು. ಅವರಲ್ಲಿ ಅರ್ಧ ಜನ ಬೇರೊಬ್ಬ ಗೈಡಿಗೆ ದುಡ್ಡು ಕೊಟ್ಟವರು.

ಬೇಲೂರಿನಲ್ಲಿ ಇದಕ್ಕಿಂತ ದೊಡ್ಡ ಗಲಾಟೆ. ಗುಡಿಯ ಬಾಗಿಲ ಬಳಿ ಸಳ ಮೃಗದ ಮೇಲೆ ಬಿದ್ದು ಕಾದುತ್ತಿದ್ದಾನೆ. ಹುಲಿ ಎಂದು ಕಥೆ, ಸಿಂಹದಂತೆ ಶಿಲ್ಪ. ಸಲೂನಿನ ಹುಡುಗನೂ ನಮ್ಮ ಜೊತೆ ಬಂದಿದ್ದ. "ಇವನೇ ಮಾವ ಸಾರ್ವಕಾಲಿಕ! ಒಂದೇ ಸುತ್ತು, ಎದುರಾಳಿ ವಾಪಸ್ ಬಂದಿಲ್ಲ," ಎಂದ. ಮಾವ ಕನ್ನಡಕ ಏರಿಸಿ ಪರೀಕ್ಷಿಸಿದರು. ಕೈಯಲ್ಲಿ ಆಯುಧ, ಒಂದು ಫೌಲ್. ಎದುರಾಳಿ ಯಾವ ಪ್ರಾಣಿ ಎಂಬುದೇ ದಾಖಲೆಯಲ್ಲಿ ಸರಿಯಿಲ್ಲ, ತೂಕ ಯಾರು ನೋಡಿದರು? ಎಲ್ಲಕ್ಕಿಂತ ಮುಖ್ಯ, ಸುದತ್ತ ಮುನಿಗಳು ಪಕ್ಕದಿಂದ "ಹೊಯ್ ಸಳ" ಎಂದು ಕೂಗಿದ್ದು. "ಪಂದ್ಯ ನಡೀವಾಗ ಕೋಚು ಕೂಗಂಗಿಲ್ಲ." ಒಂದು ರಾಜವಂಶಕ್ಕೆ ಹೆಸರು ಬಂದದ್ದೇ ಆ ಫೌಲಿನಿಂದ ಎಂದು ನೆಂಟರ ಹುಡುಗಿ ಕಿಸಕ್ಕೆಂದಳು.

ಇಷ್ಟು ಹೊತ್ತೂ ಕಲ್ಲಿನ ಮೇಲೆ ಕೂತು ಕಾಲು ಒತ್ತಿಕೊಳ್ಳುತ್ತಿದ್ದ ಅತ್ತೆ ಆಗ ಬಾಯಿ ಬಿಟ್ಟರು. "ಮೇರಿ ಕೋಮ್. ಆರು ಸಲ ವಿಶ್ವ ಚಾಂಪಿಯನ್ನು. ಮಕ್ಕಳನ್ನ ಹೆತ್ತು, ಸಾಕಿ, ಮತ್ತೆ ಹೋಗಿ ಹೊಡೆದೋಳು. ನಿಮ್ಮ ಯಾವನಾದ್ರೂ ಹೆತ್ತಿದ್ನಾ?"

ಮಾವ ಮದನಿಕೆಯರ ಕಡೆ ತಿರುಗಿ, ಕೇಶಾಲಂಕಾರ ಬಹಳ ಚೆನ್ನಾಗಿದೆ ಎಂದರು.

ಅದಾಗಿ ಒಂದು ತಿಂಗಳಿರಬಹುದು. ಸಂಜೆ ಹುಬ್ಬಳ್ಳಿ ಕಡೆಯ ರೈಲು ತಡ. ಒಬ್ಬ ಅಪರಿಚಿತರು ಟ್ರಂಕು ಇಳಿಸಿ ನಮ್ಮ ಬೆಂಚಿನಲ್ಲಿ ಕೂತರು. ಅಗಲ ಭುಜ, ಎಡಕ್ಕೆ ವಾಲಿದ ಮೂಗು. ಅರ್ಧ ಗಂಟೆ ನಮ್ಮ ಗದ್ದಲ ಕೇಳಿಸಿಕೊಂಡು, ತಾವೂ ಸೈನ್ಯದಲ್ಲಿದ್ದಾಗ ಆರು ವರ್ಷ ಬಾಕ್ಸಿಂಗ್ ಮಾಡಿದ್ದಾಗಿ ಮೆಲ್ಲಗೆ ಹೇಳಿದರು. ಬೆಂಚು ನಿಶ್ಶಬ್ದವಾಯಿತು. ಇಷ್ಟು ವರ್ಷದಲ್ಲಿ ನಿಜವಾಗಿ ಏಟು ತಿಂದ ಮನುಷ್ಯನನ್ನು ನಾವು ಯಾರೂ ನೋಡಿರಲಿಲ್ಲ. ಮೇಷ್ಟ್ರು ಭಕ್ತಿಯಿಂದ ಕೇಳಿದರು, "ತಾವೇ ಹೇಳಿ, ಎಲ್ಲರಿಗಿಂತ ದೊಡ್ಡವನು ಯಾರು?"

ಅವರು ಮೂಗು ಸವರಿಕೊಂಡರು. "ಇದನ್ನ ಮುರಿದೋನು. ಹೆಸರು ಕೇಳೋಣ ಅಂತ ಎದ್ದು ಕೂರೋ ಹೊತ್ತಿಗೆ ಅವನು ಸ್ನಾನ ಮಾಡಿ ಊಟಕ್ಕೆ ಹೋಗಿದ್ದ."

ಎಲ್ಲರೂ ಮಾವನ ಕಡೆ ನೋಡಿದೆವು. ಮಾವ ಲೋಟ ಕೆಳಗಿಟ್ಟರು. "ಈ ಸಾಕ್ಷಿ ನಡೆಯಲ್ಲ. ಏಟು ತಿಂದೋರಿಗೆ ಪಕ್ಷಪಾತ ಇದ್ದೇ ಇರ್ತದೆ."

ರೈಲು ಬಂತು. ಅಪರಿಚಿತರು ನಗುತ್ತಾ ಟ್ರಂಕು ಎತ್ತಿಕೊಂಡರು, ಅಂಗಡಿಯವನ ಮುಂದೆ ಒಂದು ನೋಟು ಇಟ್ಟು "ಎಲ್ಲರದೂ ಸೇರಿಸ್ಕೊಳಪ್ಪಾ" ಎಂದು ಹೇಳಿ ಪ್ಲಾಟ್‌ಫಾರಂ ಕಡೆ ನಡೆದರು.

ಮಾವ ನನ್ನ ಮಂಡಿ ಮೇಲೆ ತಟ್ಟಿದರು. "ನೋಡಿದ್ಯೇನ್ಲಾ? ಕೊನೆಗೂ ಒಬ್ಬ ಸೋತ."