ಚಿಕ್ಕಮ್ಮನೂ ಕೇಂದ್ರ ಸರ್ಕಾರವೂ

ಕನ್ನಡದಲ್ಲಿ ಬಿಡುವಿಲ್ಲದೆ ದುಡಿಯುವ ತಾಯಿ ಯಾರೆಂದರೆ ಮಲತಾಯಿ. ಬರ ಪರಿಹಾರ ತಡವಾದರೆ ಕೇಂದ್ರದ ಮಲತಾಯಿ ಧೋರಣೆ, ಹೊಸ ರೈಲು ಸಿಗದಿದ್ದರೆ ರೈಲ್ವೆಯದು, ವಾರ್ಡಿನ ನಲ್ಲಿ ಒಣಗಿದರೆ ನಗರಸಭೆಯದು. ಮೈಕು ಹಿಡಿದವರು ಆಕೆಯನ್ನು ಒಮ್ಮೆ ಎಳೆದು ತಾರದೆ ಭಾಷಣ ಮುಗಿಸುವುದಿಲ್ಲ. ಆದರೆ ಯಾವ ಮಗುವೂ ‘ಮಲತಾಯೀ, ಹಸಿವು, ತಟ್ಟೆ ಹಾಕು’ ಅಂದದ್ದನ್ನು ನಾನಂತೂ ಕೇಳಿಲ್ಲ.

ಮನೆಯೊಳಗೆ ಆಕೆ ಚಿಕ್ಕಮ್ಮ. ಧಾರವಾಡದ ಕಡೆ ಚಿಗವ್ವ, ಸಣ್ಣವ್ವ. ಅಮ್ಮನ ತಂಗಿಯೂ ಚಿಕ್ಕಮ್ಮ, ಚಿಕ್ಕಪ್ಪನ ಹೆಂಡತಿಯೂ ಚಿಕ್ಕಮ್ಮ, ಅಪ್ಪ ಎರಡನೇ ಸಲ ತಾಳಿ ಕಟ್ಟಿದಾಕೆಯೂ ಚಿಕ್ಕಮ್ಮ. ಇವರು ಯಾವ ಚಿಕ್ಕಮ್ಮ ಎಂದು ಬಂದ ನೆಂಟರಿಗೆ ಹೊಳೆಯುವಷ್ಟರಲ್ಲಿ ಕಾಫಿ ಮುಗಿದಿರುತ್ತದೆ. ಹಿಂದೆ ಅಕ್ಕ ತೀರಿಕೊಂಡರೆ ಮಕ್ಕಳನ್ನು ನೋಡಿಕೊಳ್ಳಲೆಂದು ತಂಗಿಯನ್ನೇ ಭಾವನಿಗೆ ಕೊಡುತ್ತಿದ್ದರಲ್ಲ, ಆಗ ಕರೆಯುವ ಹೆಸರನ್ನೂ ಬದಲಿಸಬೇಕಾಗಿರಲಿಲ್ಲ. (ಆ ತಂಗಿಯನ್ನು ಒಂದು ಮಾತು ಕೇಳಿದ್ದರೋ ಇಲ್ಲವೋ, ಅದು ಬೇರೆ ಪ್ರಬಂಧ.) ಇಬ್ಬರು ಹೆಂಡಿರು ಒಂದೇ ಒಲೆ ಊದುತ್ತಿದ್ದ ಕಾಲದಲ್ಲಿ ಕಿರಿಯವಳ ಮಕ್ಕಳಿಗೆ ಹಿರಿಯವಳು ದೊಡ್ಡವ್ವ. ಹೀಗೆ ಸವತಿಯರ ಜಗಳವೆಲ್ಲ ಮಕ್ಕಳ ಬಾಯಲ್ಲಿ ಬರೀ ವಯಸ್ಸಿನ ಲೆಕ್ಕವಾಗುತ್ತಿತ್ತು.

ತೊಡಕು ಬರುವುದು ಲಗ್ನಪತ್ರಿಕೆಯಲ್ಲಿ. ವರನ ಹೆತ್ತಮ್ಮ ಇಲ್ಲ, ಸಾಕಿದಾಕೆ ಇದ್ದಾರೆ. ಕರಡು ಹಿಡಿದು ಕೂತ ಮಾವಂದಿರಲ್ಲಿ ಒಬ್ಬರು ‘ದಿ॥’ ಹೆಸರು ಮೇಲಿರಲಿ ಎಂದರೆ, ಇನ್ನೊಬ್ಬರು ಶುಭಕಾರ್ಯಕ್ಕೆ ‘ದಿ॥’ ಯಾಕೆ ಎನ್ನುತ್ತಾರೆ. ಕೊನೆಗೆ ಬಗೆಹರಿಸುವವನು ಪ್ರೆಸ್ಸಿನವನೇ: “ಎರಡೂ ಹಾಕ್ಸಿ ಸಾರ್, ಕಾರ್ಡು ದೊಡ್ದಿದೆ.”

ಕಾನೂನಿಗೂ ಬಹುಕಾಲ ಬಾಯಿ ಬರಲಿಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ, ಮಗ ಉಯಿಲು ಬರೆಯದೆ ಸತ್ತರೆ ಹೆತ್ತ ತಾಯಿ ಮೊದಲ ವರ್ಗದ ವಾರಸುದಾರಳು. ಚಿಕ್ಕಮ್ಮ ಎರಡನೇ ವರ್ಗದ ಆರನೇ ಸಾಲಿನಲ್ಲಿ, ಸೋದರನ ವಿಧವೆಯ ಜೊತೆ ‘ತಂದೆಯ ವಿಧವೆ’ಯಾಗಿ ನಿಂತಿದ್ದಾಳೆ. ಜಡೆ ಹೆಣೆದು ಶಾಲೆಗೆ ಕಳಿಸಿದವಳಿಗೆ ಇಷ್ಟೇ. 2007ರ ಹಿರಿಯ ನಾಗರಿಕರ ಪೋಷಣೆಯ ಕಾಯ್ದೆ ಬಂದಾಗ ಮಾತ್ರ ‘ತಂದೆ-ತಾಯಿ’ ಎಂಬುದರ ವ್ಯಾಖ್ಯೆಯೊಳಗೆ ಮಲತಂದೆ, ಮಲತಾಯಿಯರಿಗೂ ಜಾಗ ಸಿಕ್ಕಿತು.

ಹೆಸರು ಕೆಡಿಸಿದ್ದು ಕೈಕೇಯಿ, ಒಪ್ಪೋಣ. ಆದರೆ ಯಕ್ಷನ ಕೊಳದ ದಡದಲ್ಲಿ ಸತ್ತು ಬಿದ್ದ ತಮ್ಮಂದಿರಲ್ಲಿ ಒಬ್ಬನನ್ನು ಆರಿಸಿಕೋ ಎಂದಾಗ ಧರ್ಮರಾಯ ಭೀಮಾರ್ಜುನರನ್ನು ಬಿಟ್ಟು ನಕುಲನನ್ನು ಕೇಳಿದ. ಕುಂತಿಗೆ ತಾನೊಬ್ಬ ಉಳಿದಿದ್ದೇನೆ, ಮಾದ್ರಿಗೂ ಒಬ್ಬ ಮಗ ಉಳಿಯಲಿ ಎಂದ. ಮುಂದೆ ಯುದ್ಧ ಕಾದಿತ್ತು, ಗಾಂಡೀವಿ ಬೇಕಿತ್ತು. ಆದರೂ ಚಿಕ್ಕಮ್ಮನ ಪಾಲು ಮೊದಲು.

ಆದ್ದರಿಂದ ಭಾಷಣಕಾರರಲ್ಲಿ ಒಂದು ವಿನಂತಿ. ಅನುದಾನ ಬಾರದಿದ್ದರೆ ‘ಕೊಡಬೇಕಾದ ದುಡ್ಡು ಕೊಟ್ಟಿಲ್ಲ’ ಎಂದು ನೇರವಾಗಿ ಹೇಳಿ. ಸಭೆಯಲ್ಲಿ ಚಿಕ್ಕಮ್ಮಂದಿರೂ ಕೂತಿರುತ್ತಾರೆ, ಅವರಿಗೂ ವೋಟಿದೆ.